ಹಳೆಯ ನಾಣ್ಯಗಳ ಬರಹ ಫೋಟೊದಲ್ಲಿ ಕಾಣುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಅಜ್ಜಿಯ ಪೆಟ್ಟಿಗೆಯಲ್ಲಿ ದೊರೆತ ಮೂವತ್ತೆರಡು ನಾಣ್ಯಗಳ ಚಿತ್ರ ತೆಗೆದು ದಾಖಲಿಸಲು ತೊಡಗಿದ್ದೇನೆ. ಹೆಚ್ಚಿನವು ತಾಮ್ರದವು: ಟಿಪ್ಪು ಸುಲ್ತಾನನ ಆನೆಯ ಪೈಸೆಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ ಎಂಬ ಬರಹವಿರುವ ನಾಣ್ಯಗಳು. ಒಂದೇ ಒಂದು ಕಂಠೀರಾಯ ಹಣವೂ (ಮೈಸೂರು ಒಡೆಯರ ಪುಟ್ಟ ಚಿನ್ನದ ನಾಣ್ಯ) ಇದೆ. ನನ್ನಲ್ಲಿರುವುದು 24 ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18–55 ಮಿಲಿಮೀಟರ್ ಜೂಮ್ ಲೆನ್ಸ್. ಫ್ಲ್ಯಾಶ್ ಬಳಸಿದರೆ ನಾಣ್ಯದ ನಡುವೆ ಬಿಳಿಯ ಕಲೆ ಬೀಳುತ್ತದೆ, ಬಳಸದಿದ್ದರೆ ಚಿತ್ರ ಅಲುಗುತ್ತದೆ. ಬೆರಳಿಗೆ ತಿಳಿಯುವ ಅಕ್ಷರಗಳು ಚಿತ್ರದಲ್ಲಿ ಮಾತ್ರ ಕಾಣುವುದಿಲ್ಲ. ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಕೊಳ್ಳಲೇಬೇಕೆ? ಮೊದಲು ಹುಣಸೆಹಣ್ಣಿನಿಂದ ಉಜ್ಜಿ ತೊಳೆದರೆ ಅಕ್ಷರ ಸ್ಪಷ್ಟವಾದೀತೆ?

ಉತ್ತರ 1

ದಯವಿಟ್ಟು ಹುಣಸೆಹಣ್ಣನ್ನು ಆ ನಾಣ್ಯಗಳ ಹತ್ತಿರ ತರಬೇಡಿ. ದೇವರ ಮನೆಯ ತಂಬಿಗೆಗೆ ಅದು ಸರಿ. ಆದರೆ ನಾಣ್ಯದ ಮೇಲೆ ಎರಡು ಶತಮಾನಗಳಲ್ಲಿ ಕಟ್ಟಿಕೊಂಡ ಕಂದು ಪದರವನ್ನು ಹುಳಿ ಒಮ್ಮೆ ಕರಗಿಸಿಬಿಟ್ಟರೆ ಅದು ಮರಳಿ ಬರುವುದಿಲ್ಲ, ಸಂಗ್ರಾಹಕರ ಕಣ್ಣಿನಲ್ಲಿ ನಾಣ್ಯದ ಬೆಲೆಯೂ ಕುಸಿಯುತ್ತದೆ. ಅಷ್ಟೇ ಅಲ್ಲ, ಉಬ್ಬಿನ ಮೇಲೆ ತಿಳಿಯಾಗಿ, ತಗ್ಗಿನಲ್ಲಿ ಗಾಢವಾಗಿ ನಿಂತ ಆ ಬಣ್ಣವೇ ಚಿತ್ರದಲ್ಲಿ ಅಕ್ಷರವನ್ನು ಎತ್ತಿ ತೋರಿಸುತ್ತದೆ.

ನಿಮಗೆ ಬೇಕಾದದ್ದು ಬೆಳಕಿನ ದಿಕ್ಕು. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಲೆನ್ಸ್ ನೋಡುವ ಕಡೆಯಿಂದಲೇ ಬರುವುದರಿಂದ ಸವೆದ ಅಕ್ಷರಕ್ಕೆ ನೆರಳೇ ಬೀಳುವುದಿಲ್ಲ. ಅದನ್ನು ಆರಿಸಿ, ಕೋಣೆಯನ್ನು ಕತ್ತಲು ಮಾಡಿ, ಓದುವ ಎಲ್‌ಇಡಿ ದೀಪವೊಂದನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಬೆಳಕು ನಾಣ್ಯದ ಮೇಲೆ ಓರೆಯಾಗಿ ಸವರಿಕೊಂಡು ಹೋಗುವಂತೆ ಇಡಿ. ದೀಪವನ್ನು ಸ್ವಲ್ಪ ಸ್ವಲ್ಪವೇ ಸುತ್ತ ಸರಿಸುತ್ತಾ ಹೋದರೆ, ಒಂದು ಕೋನದಲ್ಲಿ ಕಾಣದ ‘ಕಾಸು’ ಇನ್ನೊಂದು ಕೋನದಲ್ಲಿ ತಟ್ಟನೆ ಎದ್ದು ನಿಲ್ಲುತ್ತದೆ. ಆದರೆ ಕೊನೆಗೆ ಆರಿಸಿಕೊಳ್ಳುವ ಚಿತ್ರದಲ್ಲಿ ಬೆಳಕು ನಾಣ್ಯದ ತಲೆಯ ಕಡೆಯಿಂದ ಬಂದಿರಲಿ. ಸೂರ್ಯನ ಬೆಳಕು ಮೇಲಿನಿಂದ ಬರುವುದನ್ನೇ ಕಂಡ ನಮ್ಮ ಕಣ್ಣಿಗೆ, ಕೆಳಗಿನಿಂದ ಬೆಳಗಿದ ಆನೆಯು ಉಬ್ಬಿದಂತೆ ಕಾಣದೆ ಲೋಹದೊಳಗೆ ಕೊರೆದಂತೆ ಕಾಣುತ್ತದೆ.

ಉತ್ತರ 2

ಲೆನ್ಸ್ ವಿಷಯಕ್ಕೆ ಬರುತ್ತೇನೆ. 18–55 ಲೆನ್ಸನ್ನು 55ರಲ್ಲಿಟ್ಟು ಆದಷ್ಟು ಹತ್ತಿರ ಹೋದರೆ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ವಸ್ತುವಿನ ಗಾತ್ರದ ಸುಮಾರು ಮೂರನೇ ಒಂದು ಭಾಗದಷ್ಟು ಬಿಂಬ ಬೀಳುತ್ತದೆ. ಪೈಸೆಯ ಅಡ್ಡಳತೆ 24 ಮಿಲಿಮೀಟರ್ ಎಂದಿಟ್ಟುಕೊಂಡರೆ ಬಿಂಬ 8 ಮಿಲಿಮೀಟರ್, ಅಂದರೆ ನಿಮ್ಮ ಕ್ಯಾಮೆರಾದಲ್ಲಿ ಸುಮಾರು 2000 ಪಿಕ್ಸೆಲ್. ದಾಖಲೆಗೂ ಮುದ್ರಣಕ್ಕೂ ಅದು ಧಾರಾಳ. ಆರೇಳು ಮಿಲಿಮೀಟರ್‌ನ ಕಂಠೀರಾಯ ಹಣಕ್ಕೆ ಮಾತ್ರ 600 ಪಿಕ್ಸೆಲ್ ಕೂಡ ದೊರೆಯುವುದಿಲ್ಲ. ಅದೊಂದಕ್ಕಾಗಿ ದುಬಾರಿ ಮ್ಯಾಕ್ರೊ ಲೆನ್ಸ್ ಬೇಡ, ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಸಿಕ್ಕಿಸುವ ಎಕ್ಸ್‌ಟೆನ್ಷನ್ ಟ್ಯೂಬ್ ಸಾಕು. ಕೊಳ್ಳುವಾಗ ವಿದ್ಯುತ್ ಸಂಪರ್ಕವಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಬದಲಿಸುವುದು ಕಷ್ಟವಾಗುತ್ತದೆ.

ಅಲುಗಾಟಕ್ಕೆ ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎರಡು ಸೆಕೆಂಡಿನ ಟೈಮರ್. ಅಪರ್ಚರ್ ಎಫ್ 8ರ ಆಸುಪಾಸಿನಲ್ಲಿರಲಿ. ಎಫ್ 22ಕ್ಕೆ ಕಿಂಡಿಯನ್ನು ಕಿರಿದಾಗಿಸಿದರೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚಿದರೂ ಬೆಳಕಿನ ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರ ಮಂಕಾಗುತ್ತದೆ. ಕ್ಯಾಮೆರಾ ನಾಣ್ಯಕ್ಕೆ ನೇರವಾಗಿದೆಯೇ ಎಂದು ತಿಳಿಯಲು, ನಾಣ್ಯ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿಯನ್ನು ಚಪ್ಪಟೆಯಾಗಿಟ್ಟು ವ್ಯೂಫೈಂಡರ್‌ನಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಸರಿಯಾಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕನ್ನಡಿಯ ಉಪಾಯದಿಂದ ಅಂಚಿನ ಮಸುಕು ಹೋಯಿತು. ನಿನ್ನೆ ರಾತ್ರಿ ಒಂದು ಪೈಸೆಯ ಮೇಲೆ ಆನೆಯ ದಂತ ಮೊದಲ ಬಾರಿಗೆ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಟ್ಯೂಬ್ ಹಾಕಿ ತೆಗೆದ ಚಿನ್ನದ ಹಣ ಮಾತ್ರ ಒಂದು ಕಡೆ ಉರಿಯುವ ಬಿಳಿ, ಇನ್ನೊಂದು ಕಡೆ ಕಪ್ಪು. ನಾಣ್ಯದ ಮೇಲೆ 45 ಡಿಗ್ರಿಗೆ ಗಾಜಿನ ತುಂಡನ್ನು ಓರೆಯಾಗಿ ನಿಲ್ಲಿಸಿ, ಪಕ್ಕದ ಬೆಳಕನ್ನು ಕೆಳಕ್ಕೆ ಬೀಳಿಸುವ ವಿಧಾನವನ್ನು ಅನುಸರಿಸಬಹುದೇ?

ಉತ್ತರ 1

ಗಾಜಿನ ವಿಧಾನವು ಕನ್ನಡಿಯಂತೆ ನುಣುಪಾದ, ಯಂತ್ರದಲ್ಲಿ ಒತ್ತಿದ ಹೊಸ ನಾಣ್ಯಗಳಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಕೈಯಿಂದ ಬಡಿದು ಮುದ್ರೆಯೊತ್ತಿದ ಕಂಠೀರಾಯ ಹಣದ ಮೈ ಸಮತಟ್ಟಾಗಿರುವುದಿಲ್ಲವಾದ್ದರಿಂದ ನಾನು ಅದನ್ನು ಆರಿಸುವುದಿಲ್ಲ. ಹೊಳೆಯುವ ಚಿನ್ನ ತನ್ನ ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ನೀವು ಕಂಡ ಬಿಳಿ ನಿಮ್ಮ ದೀಪ, ಕಪ್ಪು ನಿಮ್ಮ ಕತ್ತಲ ಕೋಣೆ. ಟ್ರೇಸಿಂಗ್ ಕಾಗದವನ್ನು ಸುರುಳಿ ಸುತ್ತಿ ನಾಣ್ಯದ ಸುತ್ತ ಗಿಡ್ಡ ಕೊಳವೆಯಂತೆ ನಿಲ್ಲಿಸಿ, ದೀಪವನ್ನು ಅದರ ಹೊರಗೆ, ತಲೆಯ ಕಡೆಗೇ ಇಡಿ. ಆಗ ಎಲ್ಲ ಕಡೆಯಿಂದಲೂ ಮೃದುವಾದ ಬೆಳಕು ಬಂದರೂ ಒಂದು ಕಡೆ ಹೆಚ್ಚಾಗಿರುವುದರಿಂದ ಹಣದ ಮುಂಬದಿಯಲ್ಲಿರುವ ನರಸಿಂಹನ ಆಕೃತಿಯ ಉಬ್ಬು ಉಳಿಯುತ್ತದೆ. ಹಿಂಬದಿಯ ಮೂರು ಸಾಲಿನ ನಾಗರಿ ಬರಹವೂ ಹಾಗೆಯೇ ಓದಿಸಿಕೊಳ್ಳುತ್ತದೆ.

ವೈಟ್ ಬ್ಯಾಲೆನ್ಸನ್ನು (ಬಣ್ಣಗಳು ಸರಿಯಾಗಿ ಬರುವಂತೆ ಮಾಡುವ ಕ್ಯಾಮೆರಾದ ಹೊಂದಾಣಿಕೆ) ಅದೇ ದೀಪದಡಿ ಬಿಳಿ ಹಾಳೆಯನ್ನಿಟ್ಟು ನಿಗದಿಪಡಿಸಿಕೊಳ್ಳಿ, ಇಲ್ಲವಾದರೆ ಚಿನ್ನ ಹಿತ್ತಾಳೆಯಂತೆ ಕಾಣುತ್ತದೆ. ಪ್ರತಿ ನಾಣ್ಯದ ಜೊತೆ ಮಿಲಿಮೀಟರ್ ಅಳತೆಪಟ್ಟಿಯಿರುವ ಒಂದು ಚಿತ್ರವನ್ನೂ ತೆಗೆದು, ತೂಕವನ್ನು ಕಡತದ ಹೆಸರಿನಲ್ಲೇ ಬರೆದಿಡಿ.