ಬೇಕಲದಲ್ಲಿ ಕಂಡ ಡಾಲ್ಫಿನ್‌ಗಳು ಆಡುತ್ತಿದ್ದವೇ, ಬೇಟೆಯಾಡುತ್ತಿದ್ದವೇ?

ಪ್ರಶ್ನೆ: ಕುಂಬಳೆಯ ಓದುಗಿ

ಕಳೆದ ಭಾನುವಾರ ಮಗಳೊಂದಿಗೆ ಬೇಕಲ ಕೋಟೆಯ ಮೇಲೆ ನಿಂತಿದ್ದಾಗ, ದಡದಿಂದ ಹೆಚ್ಚು ದೂರವಲ್ಲದ ನೀರಿನಲ್ಲಿ ನಾಲ್ಕೈದು ಡಾಲ್ಫಿನ್‌ಗಳು ಮುಳುಗುತ್ತ ಏಳುತ್ತ ಒಂದೇ ಜಾಗದಲ್ಲಿ ಸುತ್ತುತ್ತಿದ್ದುದನ್ನು ಅರ್ಧ ಗಂಟೆ ನೋಡಿದೆವು. ಅವು ಆಡುತ್ತಿವೆ ಎಂದು ಮಗಳು ಹೇಳಿದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಕಡಲ್ಪನ್ನಿಗೆ ಆಟವೆಲ್ಲಿಯದು ಮಗಳೇ, ಮೀನು ಹಿಡಿಯುತ್ತಿವೆ" ಎಂದರು (ಕಡಲ್ಪನ್ನಿ ಎಂದರೆ ಡಾಲ್ಫಿನ್). ಈ ಪ್ರಾಣಿಗಳು ನಿಜವಾಗಿ ಆಡುತ್ತವೆಯೇ? ಆ ಆಟಕ್ಕೂ ಅವುಗಳ ಬುದ್ಧಿಗೂ ಸಂಬಂಧವಿದೆಯೇ? ತಿಳಿದವರು ವಿವರಿಸಿದರೆ ಮಗಳಿಗೆ ಓದಿ ಹೇಳುತ್ತೇನೆ.

ಉತ್ತರ: ಮಂಜೇಶ್ವರದ ಮಾಸ್ತರ್

ದಡಕ್ಕೆ ಅಷ್ಟು ಹತ್ತಿರ ಸುತ್ತುವ ಸಣ್ಣ ಗುಂಪು ಬಹುಮಟ್ಟಿಗೆ ಗೂನುಬೆನ್ನಿನ ಡಾಲ್ಫಿನ್‌ಗಳದ್ದಾಗಿರಬೇಕು. ಅಳಿವೆಯ ಆಸುಪಾಸಿನ ಆಳವಿಲ್ಲದ ನೀರೇ ಅವುಗಳ ನೆಲೆ, ಮೀನು ಹಿಡಿಯುವುದೂ ಅಲ್ಲಿಯೇ. ಆದ್ದರಿಂದ ಆ ಹಿರಿಯರ ಮಾತು ಅಂದಿನ ಮಟ್ಟಿಗೆ ಸರಿಯಿರಬಹುದು. ಆದರೆ ಡಾಲ್ಫಿನ್‌ಗೆ ಆಟವೇ ಇಲ್ಲವೆಂಬುದನ್ನು ನಾನು ಒಪ್ಪಲಾರೆ.

ಹವಾಯಿಯಲ್ಲಿ 1960ರ ದಶಕದಲ್ಲಿ ಕ್ಯಾರೆನ್ ಪ್ರಯರ್ ಎಂಬ ತರಬೇತುದಾರ್ತಿ ಮಾಲಿಯಾ ಮತ್ತು ಹೌ ಎಂಬ ಎರಡು ಡಾಲ್ಫಿನ್‌ಗಳಿಗೆ ವಿಚಿತ್ರವಾದ ನಿಯಮವೊಂದನ್ನು ಇಟ್ಟರು. ಹಿಂದೆ ಎಂದೂ ಮಾಡಿರದ ಚೇಷ್ಟೆಯೊಂದನ್ನು ಮಾಡಿದರೆ ಮಾತ್ರ ಮೀನು ಸಿಗುತ್ತಿತ್ತು. ಹಳೆಯದನ್ನು ಎಷ್ಟು ಚೆನ್ನಾಗಿ ಮಾಡಿದರೂ ಸಿಗುತ್ತಿರಲಿಲ್ಲ. ಹೌ ಮೊದಮೊದಲು ತನಗೆ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಮಾಡಿತು. ಹತ್ತಾರು ಪಾಠಗಳ ನಂತರ ನಿಯಮ ಹೊಳೆಯಿತೋ ಎಂಬಂತೆ, ಯಾರೂ ಕಲಿಸದ ಪಲ್ಟಿ, ಜಾರಾಟಗಳನ್ನು ಒಂದರ ಮೇಲೊಂದಾಗಿ ಹುಟ್ಟಿಸತೊಡಗಿತು. 'ಹೊಸದು' ಎಂಬ ಕಲ್ಪನೆಯನ್ನು ಹಿಡಿಯಬೇಕಾದರೆ ಹಿಂದೆ ಮಾಡಿದ್ದೆಲ್ಲ ನೆನಪಿನಲ್ಲಿರಬೇಕಲ್ಲವೇ? ಆಟಕ್ಕೂ ಬುದ್ಧಿಗೂ ಇರುವ ನಂಟು ನನಗೆ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಉತ್ತರ: ಕಸಬ ಕಡಪ್ಪುರದವ

ನಮ್ಮದು ಕಡಲಿಗೆ ಹೋಗುವ ಮನೆತನ. ನಾವು ನೋಡುವುದು ಹಕ್ಕಿಗಳನ್ನು. ಕಡಲಹಕ್ಕಿಗಳು ಮೇಲಿನಿಂದ ಎರಗುತ್ತಿದ್ದು, ಬೂತಾಯಿ ಮೀನಿನ ಹಿಂಡು ನೀರಿನ ಮೇಲೆ ಚಿಮ್ಮುತ್ತಿದ್ದರೆ ಅದು ಬೇಟೆಯೇ. ದೂರದ ನೀರಿನಲ್ಲಿ, ನೆಗೆದಾಗ ಬುಗುರಿಯಂತೆ ತಿರುಗುವ ಇನ್ನೊಂದು ಜಾತಿಯಿದೆ. ಅವು ದೋಣಿಯ ಮುಂದಿನ ಅಲೆಯ ಮೇಲೆ ಜಾರುತ್ತ ಬಹಳ ಹೊತ್ತು ಜೊತೆಗೆ ಬರುತ್ತವೆ. ಬಲೆ ಹಾಕಿರದ ಹೊತ್ತಿನಲ್ಲಿಯೂ ಬರುವುದರಿಂದ, ಅಲ್ಲಿ ಅವುಗಳಿಗೆ ತಿನ್ನಲು ಏನೂ ಇರುವುದಿಲ್ಲ. ಬಲೆ ಹರಿದು ಮೀನು ಕದ್ದ ದಿನ ಅವುಗಳ ಮೇಲೆ ನಮಗೆ ಸಿಟ್ಟು ಬರುವುದು ನಿಜ, ಆದರೆ ದೋಣಿಯ ಮುಂದೆ ಜಾರುವುದನ್ನು ಕಂಡಾಗ ಅದನ್ನು ಆಟವಲ್ಲವೆನ್ನಲು ಮನಸ್ಸು ಬಾರದು.

ಉತ್ತರ: ನೀರ್ಚಾಲಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿ

ಡಾಲ್ಫಿನ್‌ನ ಬಂಧುವಾದ ತಿಮಿಂಗಿಲದ ವಿಷಯ ಉಳಿದುಹೋಯಿತು. ಹವಾಯಿಯ ಕಡಲಿನಲ್ಲಿ ಗೂನುಬೆನ್ನಿನ ತಿಮಿಂಗಿಲವೊಂದು ಡಾಲ್ಫಿನ್ ಅನ್ನು ತಲೆಯ ಮೇಲೆ ಎತ್ತಿ ಕೆಳಗೆ ಜಾರಲು ಬಿಟ್ಟದ್ದನ್ನು ಸಂಶೋಧಕರು ದಾಖಲಿಸಿದ್ದಾರೆ, ಡಾಲ್ಫಿನ್ ಕೂಡ ಪ್ರತಿಭಟಿಸಿರಲಿಲ್ಲ. ಅಮೆರಿಕದ ಮೇನ್ ಕೊಲ್ಲಿಯಲ್ಲಿ 1980ರಲ್ಲಿ ಇದೇ ಜಾತಿಯ ಒಂದು ತಿಮಿಂಗಿಲ, ಗುಳ್ಳೆಗಳಿಂದ ಮೀನನ್ನು ಸುತ್ತುವರಿಯುವ ಮೊದಲು ಬಾಲದಿಂದ ನೀರನ್ನು ಬಡಿಯುವುದು ಕಾಣಿಸಿತು. ಅಲ್ಲಿ ಹೆರಿಂಗ್ ಮೀನಿನ ಸಂಖ್ಯೆ ಕುಸಿದು ಬೇರೆ ಮೀನನ್ನು ಅವಲಂಬಿಸಬೇಕಾಗಿ ಬಂದ ಕಾಲವದು. ಮುಂದಿನ ಮೂರು ದಶಕಗಳೊಳಗೆ ಅಲ್ಲಿನ ತಿಮಿಂಗಿಲಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು, ಒಂದನ್ನೊಂದು ನೋಡಿ, ಇದನ್ನು ಕಲಿತವು. ಮಿದುಳಿನ ತೂಕದಿಂದ ಮಾತ್ರ ಬುದ್ಧಿಯನ್ನು ಅಳೆಯಬಾರದು ಎನ್ನಲು ನನಗೆ ಇಂಥ ನಿದರ್ಶನಗಳೇ ಸಾಕು.

ಕುಂಬಳೆಯ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಹಕ್ಕಿಗಳನ್ನು ನಾನು ಗಮನಿಸಿರಲಿಲ್ಲ, ಮಗಳು ಗಮನಿಸಿದ್ದಳು. ಮೊದಲು ಹಕ್ಕಿಗಳಿದ್ದವಂತೆ. ಅವೆಲ್ಲ ಹಾರಿಹೋದ ಮೇಲೂ ಎರಡು ಡಾಲ್ಫಿನ್‌ಗಳು ಮೈಗೆ ಮೈ ಉಜ್ಜುತ್ತ ಅಲ್ಲಿಯೇ ಉಳಿದಿದ್ದವಂತೆ.