ಇಂಗ್ಲೆಂಡಿನ ಹಳ್ಳಿಯಲ್ಲಿ ಹುಲ್ಲುಮಾಡಿನ ಹಳೆಯ ಮನೆ ಮಾರಾಟಕ್ಕಿದೆ: ಮಗಳು ಕೊಳ್ಳಬಹುದೇ?

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ)

ನನ್ನ ಮಗಳು ಮತ್ತು ಅಳಿಯ ಆರು ವರ್ಷಗಳಿಂದ ಇಂಗ್ಲೆಂಡಿನ ಡೆವನ್ ಕೌಂಟಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಎಕ್ಸೆಟರ್ ನಗರದಿಂದ ಅರ್ಧ ಗಂಟೆಯ ದಾರಿಯ ಹಳ್ಳಿಯೊಂದರಲ್ಲಿ ಮಾರಾಟಕ್ಕಿರುವ ಹಳೆಯ ಕಾಟೇಜನ್ನು ಅವರು ಮೆಚ್ಚಿಕೊಂಡಿದ್ದು, ಮಾಲಕರು 3,85,000 ಪೌಂಡ್ ಕೇಳುತ್ತಿದ್ದಾರೆ. 17ನೇ ಶತಮಾನದ ಕಟ್ಟಡವಂತೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಹುಲ್ಲಿನ ಮಾಡು, ಕೆಳಗೆರಡು ಮೇಲೆರಡು ಕೋಣೆ, ತಲೆಗೆ ತಗಲುವಷ್ಟು ತಗ್ಗಿನ ಜಂತಿಗಳು. ಮನೆ 'ಗ್ರೇಡ್ 2' ಪಟ್ಟಿಯಲ್ಲಿದೆ, ಹೊರಗೋಡೆಗೆ ಹೊಸ ಗಿಲಾವು ಮಾಡಿಸಲಾಗಿದೆ, ಹಿಂಬದಿಗೆ ಬಚ್ಚಲು ಸೇರಿಸಲಾಗಿದೆ ಎಂದು ಜಾಹೀರಾತಿನಲ್ಲಿದೆ.

ನಾನು ಹುಟ್ಟಿದ್ದು ಮುಳಿಹುಲ್ಲಿನ ಮನೆಯಲ್ಲಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಡಿಗೆ ಹುಲ್ಲು ಹೊದಿಸುವ ಪಾಡನ್ನು ಕಂಡವನಿಗೆ, ಹಂಚು ಏರಿದ ದಿನ ತಂದೆಯವರ ಮುಖದಲ್ಲಿ ಮೂಡಿದ ಸಮಾಧಾನ ಇನ್ನೂ ನೆನಪಿರುವವನಿಗೆ, ಮಗಳು ನಾಲ್ಕು ಕೋಟಿಗೂ ಮಿಕ್ಕಿದ ಹಣ ಕೊಟ್ಟು ಪುನಃ ಹುಲ್ಲಿನ ಮಾಡಿನಡಿಗೆ ಹೋಗುವುದು ವಿಚಿತ್ರವಾಗಿ ತೋರುತ್ತದೆ. ಆದರೂ ಅವರ ಆಸೆಗೆ ಅಡ್ಡ ಬರಲು ಇಷ್ಟವಿಲ್ಲ. ಎರಡು ವರ್ಷಗಳ ಹಿಂದೆ ಇಲ್ಲಿನ ಮನೆಯ ಅರ್ಧ ಪಾಲನ್ನು ದಾನಪತ್ರದ ಮೂಲಕ ಮಗಳ ಹೆಸರಿಗೆ ಮಾಡಿದ್ದೇನೆ. ಈಗ ಸ್ವಲ್ಪ ಹಣವನ್ನೂ ಕಳುಹಿಸುವ ಯೋಚನೆಯಿದೆ. ಕೊಳ್ಳುವ ಮೊದಲು ಏನೇನು ವಿಚಾರಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಬಿಜೈ, ಮಂಗಳೂರು)

ಹದಿನಾಲ್ಕು ವರ್ಷ ಆ ದೇಶದಲ್ಲಿದ್ದು ಬಂದವನು ನಾನು. ಐತಿಹಾಸಿಕ ಮಹತ್ವದ ಕಟ್ಟಡಗಳ ಪಟ್ಟಿಯಲ್ಲಿ ಮೂರು ದರ್ಜೆಗಳಿದ್ದು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗ್ರೇಡ್ 2ರಲ್ಲೇ ಇವೆ. ಕೆಳಗಿನ ದರ್ಜೆಯೆಂದು ಹಗುರವಾಗಿ ಎಣಿಸಬೇಡಿ. 1990ರ ಕಾಯಿದೆಯ ರಕ್ಷಣೆ ಮುಂಭಾಗದ ಅಂದಕ್ಕೆ ಮಾತ್ರ ಸೀಮಿತವಲ್ಲ. ಒಳಗಿನ ಮೆಟ್ಟಿಲು, ಒಲೆಗೂಡು, ಬಾಗಿಲು, ಜಂತಿ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಮನೆಯ ಸ್ವರೂಪಕ್ಕೆ ಧಕ್ಕೆ ತರುವ ಯಾವ ಬದಲಾವಣೆಗೂ ಸ್ಥಳೀಯ ಕೌನ್ಸಿಲಿನ ಒಪ್ಪಿಗೆ ಬೇಕು. ಅರ್ಜಿಗೆ ಶುಲ್ಕವಿಲ್ಲ, ಆದರೆ ಒಪ್ಪಿಗೆಯಿಲ್ಲದೆ ಕೈಹಾಕಿದರೆ ಅದು ಕ್ರಿಮಿನಲ್ ಅಪರಾಧ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಬಚ್ಚಲು. ಹಿಂದಿನವರು ಒಪ್ಪಿಗೆಯಿಲ್ಲದೆ ಕಟ್ಟಿದ್ದರೆ ಶಿಕ್ಷೆ ಕಟ್ಟಿದವರಿಗಾದರೂ, ಅದನ್ನು ಸರಿಪಡಿಸಬೇಕೆಂಬ ನೋಟಿಸು ಈಗಿನ ಮಾಲಕರ ಕೈಗೇ ಬರಬಹುದು. ಇಷ್ಟು ವರ್ಷ ಕಳೆದರೆ ಮಾಫಿ ಎಂಬ ಕಾಲಮಿತಿಯೂ ಇಲ್ಲ. ಒಪ್ಪಿಗೆ ಪತ್ರದ ಪ್ರತಿಯನ್ನು ವಕೀಲರ ಮೂಲಕ ಕೇಳಿಸಿ.

ಇನ್ನೊಂದು ಮಾತು. ನಮ್ಮಲ್ಲಿ ಮುಂಗಡ ಕೊಟ್ಟು ಕರಾರು ಮಾಡಿಕೊಂಡಂತೆ ಅಲ್ಲಿ ಬೆಲೆ ಒಪ್ಪಿದ ದಿನವೇ ಯಾರೂ ಕಟ್ಟುಬೀಳುವುದಿಲ್ಲ. ಎರಡೂ ಕಡೆಯ ವಕೀಲರು ಕರಾರುಪತ್ರಗಳನ್ನು ವಿನಿಮಯ ಮಾಡಿಕೊಂಡು, ಸಾಮಾನ್ಯವಾಗಿ ಶೇ. 10ರಷ್ಟು ಹಣ ಕಟ್ಟುವವರೆಗೆ ಮಾಲಕರು ಬೇರೆಯವರಿಗೆ ಕೊಟ್ಟುಬಿಡಬಹುದು, ನಿಮ್ಮವರೂ ಹಿಂದೆ ಸರಿಯಬಹುದು.

ಉತ್ತರ 2 (ಕಾಪು)

ಹಳೆಯ ಮಣ್ಣಿನ ಮನೆ, ಹಂಚಿನ ಮನೆಗಳ ದುರಸ್ತಿ ನನ್ನ ಕೆಲಸ; ಡೆವನ್ನಿನ ಕೆಲವು ಮನೆಗಳನ್ನೂ ಒಮ್ಮೆ ಹೋಗಿ ನೋಡಿದ್ದೇನೆ. ಹುಲ್ಲಿನ ಬಗ್ಗೆ ನಿಮಗಿರುವ ಭಯ ಸಹಜ, ಆದರೆ ಅದು ನಮ್ಮ ಮುಳಿಹುಲ್ಲಲ್ಲ. ಗೋಧಿಯ ಹುಲ್ಲನ್ನೋ ನೀರಿನಲ್ಲಿ ಬೆಳೆಯುವ ಜೊಂಡನ್ನೋ ಒಂದಡಿಯಷ್ಟು ದಪ್ಪಕ್ಕೆ, ತೀರ ಕಡಿದಾದ ಇಳಿಜಾರಿನಲ್ಲಿ ಹೊದಿಸುತ್ತಾರೆ. ಒಳ್ಳೆಯ ಜೊಂಡು ಕೆಲವು ದಶಕ ಬಾಳುತ್ತದೆ. ನೆತ್ತಿಯ ಭಾಗವನ್ನು ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಕೊನೆಯ ಬಾರಿ ಅದನ್ನು ಮಾಡಿಸಿದ್ದು ಯಾವಾಗ ಎಂದು ಕೇಳಿ. ಬೆಂಕಿಯ ಭಯದಿಂದ ವಿಮೆಯ ಕಂತು ಹೆಚ್ಚಿರುತ್ತದೆ. ಹೊಗೆಗೂಡು ಮತ್ತು ವಯರಿಂಗ್ ಪರೀಕ್ಷಿಸಿದ ದಾಖಲೆಯನ್ನೂ ಕೇಳುತ್ತಾರೆ.

ನನಗೆ ನಿಜವಾಗಿ ಹೆದರಿಕೆಯಾದದ್ದು 'ಹೊಸ ಗಿಲಾವು' ಎಂಬ ಮಾತಿನಿಂದ. ಅಲ್ಲಿನವರು ಕಾಬ್ ಎನ್ನುವ ಆ ಗೋಡೆ ಜೇಡಿಮಣ್ಣು, ಮರಳು, ಹುಲ್ಲು ಕಲಸಿ ಕಲ್ಲಿನ ಪಂಚಾಂಗದ ಮೇಲೆ ಮೆಟ್ಟಿ ಏರಿಸಿದ್ದು. ಅದು ತೇವವನ್ನು ಹೀರುತ್ತದೆ, ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟು ಬಳಿದರೆ ಸಣ್ಣ ಬಿರುಕಿನಿಂದ ಒಳಸೇರಿದ ನೀರಿಗೆ ಹೊರಬರಲು ದಾರಿಯಿಲ್ಲದೆ, ಗೋಡೆ ಒಳಗೊಳಗೇ ಮೆತ್ತಗಾಗಿ ಒಂದು ದಿನ ಕುಸಿಯುತ್ತದೆ. ಕಟಪಾಡಿ ಕಡೆಯ ಒಂದು ಮನೆಯಲ್ಲಿ ಚಾವಡಿಯ ಮಣ್ಣಿನ ಗೋಡೆಗೆ 'ಗಟ್ಟಿಯಾಗಲಿ' ಎಂದು ಸಿಮೆಂಟು ಬಳಿಸಿದ್ದರು. ನಾನು ಅದನ್ನು ಕೆತ್ತಿಸಿದಾಗ ಹಿಂದಿನ ಮಣ್ಣು ಕೈಯಲ್ಲಿ ಹಿಂಡಬಹುದಾದಷ್ಟು ಒದ್ದೆಯಾಗಿತ್ತು. ಹೊರಗಿನಿಂದ ನೋಡಿದರೆ ಗೋಡೆಗೆ ಒಂದು ಗೀರೂ ಇರಲಿಲ್ಲ.

ಆದ್ದರಿಂದ ಗಿಲಾವು ಸುಣ್ಣದ್ದೋ ಸಿಮೆಂಟಿನದ್ದೋ ಎಂಬುದನ್ನೇ ಮೊದಲು ಕೇಳಿ. ಬ್ಯಾಂಕು ಸಾಲಕ್ಕಾಗಿ ಮಾಡಿಸುವ ಮೌಲ್ಯಮಾಪನವನ್ನು ನಂಬಿ ಕೂರಬೇಡಿ, ಅದು ಮನೆಯ ಪರೀಕ್ಷೆಯಲ್ಲ. 'ಲೆವೆಲ್ 3' ಎನ್ನುವ ಪೂರ್ಣ ಸರ್ವೆಯನ್ನು, ಕಾಬ್ ಗೋಡೆ ಬಲ್ಲ ಸರ್ವೇಯರರಿಂದಲೇ ಮಾಡಿಸಬೇಕು. ಕುಟ್ಟೆ ಹಿಡಿದ ಜಂತಿಯಿದ್ದರೆ ಅವರೇ ಹೇಳುತ್ತಾರೆ.

ಉತ್ತರ 3 (ಮಣಿಪಾಲ)

ಲೆಕ್ಕಪತ್ರದ ವೃತ್ತಿಯಲ್ಲಿರುವ ನನಗೆ ಆ ದಾನಪತ್ರದ ವಿಷಯ ಮುಖ್ಯವೆನಿಸಿತು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದಂತೆ, ಮೊದಲ ಬಾರಿ ಮನೆ ಕೊಳ್ಳುವವರಿಗೆ 3,00,000 ಪೌಂಡಿನವರೆಗೆ ಮುದ್ರಾಂಕ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ. 5, ಅಂದರೆ ಈ ಮನೆಗೆ 4,250 ಪೌಂಡ್. ಆದರೆ 'ಮೊದಲ ಬಾರಿ' ಎಂದರೆ ಜಗತ್ತಿನ ಯಾವ ಮೂಲೆಯಲ್ಲೂ ಮನೆಯಲ್ಲಿ ಪಾಲು ಹೊಂದಿರಬಾರದು, ಜೊತೆಗೂಡಿ ಕೊಳ್ಳುವ ಇಬ್ಬರೂ ಹಾಗಿರಬೇಕು. ಉಡುಪಿಯ ಅರ್ಧ ಪಾಲಿನಿಂದ ಆ ರಿಯಾಯಿತಿ ತಪ್ಪುತ್ತದೆ, ತೆರಿಗೆ 9,250 ಪೌಂಡಿಗೆ ಏರುತ್ತದೆ. ಆ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕೂ ಹೆಚ್ಚಿದ್ದರೆ ಇದು ಎರಡನೆಯ ಮನೆಯೆಂದು ಎಣಿಕೆಯಾಗಿ, ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5 ಸೇರಿ ಒಟ್ಟು 28,500 ಪೌಂಡ್ ಆಗುತ್ತದೆ. ಮೂರು ವರ್ಷದೊಳಗೆ ಪಿತ್ರಾರ್ಜಿತವಾಗಿ ಬಂದ ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲಿಗೆ ಈ ಹೆಚ್ಚುವರಿ ಐದರಿಂದ ವಿನಾಯಿತಿಯಿದೆ; ನಿಮ್ಮದು ದಾನವಾದ್ದರಿಂದ ಅದು ಸಿಗದು. ಪಾಲಿನ ಮೌಲ್ಯಮಾಪನವನ್ನು ಈಗಲೇ ಮಾಡಿಸಿ, ಅಲ್ಲಿನ ವಕೀಲರಿಗೆ ತಿಳಿಸಿ. ಮುಚ್ಚಿಡುವ ಯೋಚನೆಯಂತೂ ಬೇಡ.

ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಂತೆ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರಿನ ಮಿತಿಯಿದೆ. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ. 20 ತೆರಿಗೆಯನ್ನು ಮೊದಲೇ ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಇದು ಸಾಲವಲ್ಲ, ಉಡುಗೊರೆ ಎಂಬ ಪತ್ರವನ್ನು ಅಲ್ಲಿನ ಬ್ಯಾಂಕು ಕೇಳುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನಮಸ್ಕಾರಗಳು. ನಿಮ್ಮ ಮಾತುಗಳನ್ನು ಮಗಳಿಗೆ ಓದಿ ಹೇಳಿದೆ. ಏಜೆಂಟರನ್ನು ಕೇಳಿದಾಗ ಗಿಲಾವು ಸಿಮೆಂಟಿನದ್ದೇ ಎಂಬ ಉತ್ತರ ಬಂದಿದೆ. ಬಚ್ಚಲಿನ ಒಪ್ಪಿಗೆ ಪತ್ರವನ್ನು 'ಹುಡುಕುತ್ತಿದ್ದಾರಂತೆ'. ಮುಂದಿನ ವಾರ ಪೂರ್ಣ ಸರ್ವೆಗೆ ಗೊತ್ತುಮಾಡಿದ್ದಾರೆ, ಅಲ್ಲಿಯವರೆಗೆ ಬೆಲೆಯ ಮಾತೆತ್ತುವುದಿಲ್ಲ. ನಾನು ನಾಳೆ ದಾನಪತ್ರ ಹಿಡಿದುಕೊಂಡು ಮಣಿಪಾಲಕ್ಕೆ ಬರಬಹುದೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.