ಪದ ಬೇಕಿದೆ: ಲಾಟ್ವಿಯನ್‌ನ ‘ನೆರೆದ್ಜೀಗ್ಸ್’, ಮತ್ತು ‘ಜಾಣಗುರುಡು’ ಹಾಕಬಹುದಾ?

ಪ್ರಶ್ನೆ:
ಲಾಟ್ವಿಯನ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇಟ್ಟುಕೊಂಡು. ನಾಳೆ ಬೆಳಿಗ್ಗೆ ಕಳಿಸಬೇಕು. ಇಂಗ್ಲಿಷ್‌ನಲ್ಲಿ ‘ಟರ್ನ್ ಎ ಬ್ಲೈಂಡ್ ಐ’ (ಕುರುಡುಗಣ್ಣು ತಿರುಗಿಸು) ಅಂತಿದೆ. ಮೂಲದಲ್ಲಿ ಕುರುಡಿನ ಸುದ್ದಿಯೇ ಇಲ್ಲ, ‘ಬೆರಳ ಸಂದಿಯಿಂದ ನೋಡು’ ಅಂತಿದೆ. ಜಾಣಗುರುಡು ಅಂದರೆ ಸಾಕಾ? ಇನ್ನೊಂದು, ‘ಅಕ್ಲ್ಸ್’ ಅಂದರೆ ಕುರುಡ, ಸರಿ. ‘ನೆರೆದ್ಜೀಗ್ಸ್’ ಅದಕ್ಕಿಂತ ಮೆತ್ತಗಿನ ಪದ, ಅಲ್ಲಿನ ಕುರುಡರ ಸಂಘದ ಹೆಸರಲ್ಲೇ ಇದೆ. ಅಂಧನಾ, ದೃಷ್ಟಿಹೀನನಾ?

ಉತ್ತರ:
ಎರಡೂ ಬೇಡ. ಸಂಸ್ಕೃತದ ಬಾಲ ಹಿಡಿಯೋದು ಯಾಕೆ? ‘ನೆ’ ಅಂದರೆ ಇಲ್ಲ, ‘ರೆದ್ಜೇತ್’ ಅಂದರೆ ಕಾಣು. ಅವರು ತಮ್ಮ ಮನೆಯ ಮಾತಿನಿಂದಲೇ ಪದ ಕಟ್ಟಿಕೊಂಡಿದ್ದಾರೆ. ಮಂದದೃಷ್ಟಿಯವರಿಗೆ ‘ವಾಯ್‌ರೆದ್ಜೀಗ್ಸ್’. ನಾವೂ ‘ಕಾಣದಿಗ’, ‘ಅರೆಗಾಣಿಗ’ ಅನ್ನಬಹುದು. ಬೆರಳ ಸಂದಿಯನ್ನು ಹಾಗೇ ಇಡಿ, ಅದು ಅಪ್ಪಟ ಲಾಟ್ವಿಯನ್.

ಮತ್ತೊಂದು ಉತ್ತರ:
ಅರೆಗಾಣಿಗ! ಅರ್ಧ ಎಣ್ಣೆ ತೆಗೆದು ಬಿಟ್ಟವನಾ ಸರ್?
ಅಪ್ಪಟವೂ ಇಲ್ಲ, ಏನೂ ಇಲ್ಲ. ಬೆರಳ ಸಂದಿ ಜರ್ಮನ್‌ನಲ್ಲೂ ಇದೆ, ರಷ್ಯನ್‌ನಲ್ಲೂ ಇದೆ. ಇಬ್ಬರೂ ಆ ನೆಲವನ್ನು ಆಳಿದವರು. ಯಾರದು ಯಾರಿಗೆ ಹೋಯಿತೋ, ಜಗಳ ಬೇಡ. ಇಂಗ್ಲಿಷ್ ಮಾತಿಗೆ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಕಥೆ ಅಂಟಿಸುತ್ತಾರೆ: 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿ ಅಂತ ಮೇಲಧಿಕಾರಿ ಸಿಗ್ನಲ್ ಕೊಟ್ಟಾಗ ಕಾಣದ ಕಣ್ಣಿಗೆ ದುರ್ಬೀನು ಹಿಡಿದು ‘ಸಿಗ್ನಲ್ ಕಾಣಿಸಲಿಲ್ಲ’ ಅಂದನಂತೆ. ಅದು ಬೇಕಂತಲೇ ಮಾಡಿದ್ದು, ಅಂದರೆ ನಮ್ಮ ಜಾಣಗುರುಡೇ. ಬೆರಳ ಸಂದಿಯಲ್ಲಿ ಅಷ್ಟು ಕಿಲಾಡಿತನ ಇಲ್ಲ, ಹೋಗಲಿ ಬಿಡು ಅನ್ನೋ ಸಡಿಲ ಇದೆ. ನೋಡುತ್ತಿರುವವನು ಮೇಷ್ಟ್ರೋ ಪೊಲೀಸೋ ಆಗಿದ್ದು ತಪ್ಪು ಸಣ್ಣದಾದರೆ ‘ಕಂಡೂ ಕಾಣದಂತಿದ್ದ’ ಅನ್ನಿ. ಲಂಚದ ಕಥೆಯಾದರೆ ಜಾಣಗುರುಡು.

ಮೊದಲಿನವರು:
ಜಾಣಗುರುಡಿನಲ್ಲಿ ‘ಜಾಣ’ ಪ್ರಾಕೃತದ್ದು.

ಎರಡನೆಯವರು:
ಹಾಗಾದರೆ ಅರ್ಧ ಕತ್ತರಿಸಿ ಬಳಸಿ. ‘ಸಂಘ’ ಯಾರ ಮನೆಯದು ಅಂತಲೂ ಹೇಳಿಬಿಡಿ.

ಪ್ರಶ್ನೆ ಕೇಳಿದವರು:
ಸರ್, ನಿಮ್ಮಿಬ್ಬರ ಜಗಳ ಆಮೇಲೆ. ನೋಡುವವನು ಟಿಕೆಟ್ ಕಲೆಕ್ಟರ್, ಟಿಕೆಟ್ ಇಲ್ಲದ ಹುಡುಗನನ್ನು ಬಿಟ್ಟುಬಿಡುತ್ತಾನೆ. ‘ಕಂಡೂ ಕಾಣದಂತೆ’ ಹಾಕಿದೆ. ಸಂಘಕ್ಕೆ?

ಎರಡನೆಯವರು:
‘ಕಣ್ಣು ಕಾಣದವರ ಸಂಘ’. ‘ಹೀನ’ ಸುಮ್ನೆ ಕಿವಿಗೆ ಚುಚ್ಚುತ್ತೆ, ಬಿಡಿ. ಮುಂದೆ ‘ಅಕ್ಲಾ ಜರ್ನಾ’ ಬಂದರೆ ಮಾತ್ರ ಹುಷಾರು. ಪದಕ್ಕೆ ಪದ ಇಟ್ಟರೆ ‘ಕುರುಡು ಕರುಳು’. ಅದರ ಆಪರೇಷನ್ ಆಯಿತು ಅಂತಿದ್ದರೆ ಅಪೆಂಡಿಕ್ಸ್ ತೆಗೆದರು ಅಂತ ಬರೆಯಿರಿ.